ದಿನಕ್ಕೆ 40 ನಿಮಿಷ ಮಕ್ಕಳೆಲ್ಲ ಹೊರಗೆ: ವೇಳಾಪಟ್ಟಿಯಲ್ಲಿ ಕೂರಿಸುವುದು ಹೇಗೆ?

ಎಚ್‌ಎಂ_ರಾಯಚೂರು
ನಮ್ಮದು ಹಿರಿಯ ಪ್ರಾಥಮಿಕ ಶಾಲೆ. 1ರಿಂದ 7ನೇ ತರಗತಿ, 178 ಮಕ್ಕಳು, ಆರು ಶಿಕ್ಷಕರು, ಪಿ.ಇ. (ದೈಹಿಕ ಶಿಕ್ಷಣ) ಟೀಚರ್ ಹುದ್ದೆ ಖಾಲಿ. ಪ್ರತಿ ಮಗುವೂ ದಿನಾ 40 ನಿಮಿಷ ಕೋಣೆಯ ಹೊರಗಿರಬೇಕೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವಾಗಿದೆ. ಮೈದಾನ ಚಿಕ್ಕದು, ಒಂದು ಬದಿಗೆ ಬೇವು, ಹೊಂಗೆ ಇವೆ. ಪೋಷಕರಿಗೆ ಬಿಸಿಲಿನ ಭಯ, ಶಿಕ್ಷಕರಿಗೆ ಸಿಲಬಸ್ ಚಿಂತೆ. ದಿನಕ್ಕೆ 40 ನಿಮಿಷದ ಎಂಟು ಪೀರಿಯಡ್, ಶನಿವಾರ ನಾಲ್ಕು. ಸಮಯ ಎಲ್ಲಿಂದ ತೆಗೆಯಲಿ?

ಸಿಆರ್‌ಪಿ_ಕೊಪ್ಪಳ
ಮೇಡಂ, ಮೊದಲು ಗಂಟೆ ಲೆಕ್ಕ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 6–8ನೇ ತರಗತಿಗೆ ವರ್ಷಕ್ಕೆ 220 ದಿನ, 1000 ಬೋಧನಾ ಗಂಟೆ. 1–5ಕ್ಕೆ 200 ದಿನ, 800 ಗಂಟೆ. ಹಾಗಾಗಿ ಚಿಕ್ಕವರ ಚಿಂತೆ ಬಿಡಿ, ಬಿಗಿ ಇರುವುದು 6, 7ಕ್ಕೆ. 220ರಲ್ಲಿ 40 ಶನಿವಾರ ಹಿಡಿದರೆ ನಿಮಗೆ ಈಗ ಸಿಗುವುದು 1066 ಗಂಟೆ. ಎಲ್ಲ ಪೀರಿಯಡ್‌ಗೂ ಐದೈದು ನಿಮಿಷ ಕತ್ತರಿ ಹಾಕಿದಿರೋ, 933ಕ್ಕೆ ಇಳಿಯಿತು. ಅದರ ಬದಲು ಪೂರ್ತಿ ದಿನಗಳಲ್ಲಿ ಮಾತ್ರ ನಾಲ್ಕು ಪೀರಿಯಡ್‌ನಿಂದ ಐದೈದು ನಿಮಿಷ ತೆಗೆಯಿರಿ. ದಿನಕ್ಕೆ 20 ನಿಮಿಷ ಅಂದರೆ ವರ್ಷಕ್ಕೆ 60 ಗಂಟೆ, 1006 ಉಳಿಯುತ್ತದೆ.

ಮಿಕ್ಕ 20 ನಿಮಿಷಕ್ಕೆ ಪಾಠವನ್ನೇ ಮರದಡಿಗೆ ಒಯ್ಯಿರಿ. ಸುತ್ತಳತೆ, ವಿಸ್ತೀರ್ಣ, ಪರಿಸರ ಅಧ್ಯಯನ, ಪದ್ಯ ಬಾಯಿಪಾಠ ಇವೆಲ್ಲ ಹೊರಗೆ ಚೆನ್ನಾಗಿ ನಡೆಯುತ್ತವೆ. ಬೋರ್ಡ್ ನೋಡಿ ಬರೆಯುವ ಕೆಲಸ ಮಾತ್ರ ಬೇಡ, ಬೆಳಕಿಗೆ ಅಕ್ಷರ ಕಾಣುವುದಿಲ್ಲ. ಶನಿವಾರ ಮಾಸ್ ಪಿ.ಟಿ. (ಸಾಮೂಹಿಕ ಕವಾಯತು) ಹೇಗೂ ಇದ್ದೇ ಇದೆ.

ಕಣ್ಣಿನ_ಡಾಕ್ಟರ್
ಪೋಷಕರಿಗೆ ಇಷ್ಟು ಹೇಳಿ: ನೆರಳೂ ಲೆಕ್ಕಕ್ಕೆ ಬರುತ್ತದೆ. ತರಗತಿಯ ಒಳಗೆ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ, ಹಗಲಲ್ಲಿ ಮರದ ನೆರಳಲ್ಲೂ ಸಾವಿರಗಟ್ಟಲೆ. ಸಮೀಪದೃಷ್ಟಿ ತಡೆಯಲು ಬೇಕಾದದ್ದು ಈ ಬೆಳಕು, ಸುಡುಬಿಸಿಲಲ್ಲ. ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ 1ನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ತರಗತಿ ಕೊಟ್ಟು ಮೂರು ವರ್ಷ ನೋಡಿದರು. ಹೊಸದಾಗಿ ಸಮೀಪದೃಷ್ಟಿ ಬಂದದ್ದು ಆ ಗುಂಪಿನಲ್ಲಿ 30.4%, ಉಳಿದವರಲ್ಲಿ 39.5%. ದೊಡ್ಡ ಪವಾಡವೇನಲ್ಲ, ಆದರೆ ಖರ್ಚಿಲ್ಲದ್ದು. ಈಗಾಗಲೇ ಕನ್ನಡಕ ಬಂದ ಮಗುವಿಗೆ ಇದರಿಂದ ನಂಬರ್ ಇಳಿಯುತ್ತದೆ ಅಂತ ಮಾತ್ರ ಭರವಸೆ ಕೊಡಬೇಡಿ.

ಚಿನ್ನಿದಾಂಡು ಬೇಡ. ಚಿನ್ನಿ ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು.

ಪಿ.ಇ._ಮೇಷ್ಟ್ರು
ಸಿಆರ್‌ಪಿ ಸರ್ ಲೆಕ್ಕ ಸರಿ, ಆದರೆ ಆಟದ ಆ 20 ನಿಮಿಷವನ್ನು ದಿನದ ನಡುವೆ ಇಡಬೇಡಿ. ಸಾಲು ಮಾಡಿ ಹೊರಗೆ ತಂದು, ಮತ್ತೆ ಒಳಗೆ ಕೂರಿಸುವುದರಲ್ಲೇ ಆರೇಳು ನಿಮಿಷ ಹೋಗುತ್ತದೆ. ಬೆಳಗಿನ ಪ್ರಾರ್ಥನೆಗೆ ಅಂಟಿಸಿ. ಮಕ್ಕಳು ಆಗಲೇ ಹೊರಗಿರುತ್ತಾರೆ, ಬಿಸಿಲೂ ಏರಿರುವುದಿಲ್ಲ. ಮರದಡಿಯ ಪಾಠವನ್ನು ಬಿಸಿಯೂಟದ ಮುಂಚಿನ ಪೀರಿಯಡ್‌ನ ಕೊನೆಗೆ ಇಡಿ. ಅಲ್ಲಿಂದ ನೇರ ಕೈ ತೊಳೆಯಲು ಹೋಗಬಹುದು.

178 ಮಕ್ಕಳನ್ನು ಒಟ್ಟಿಗೆ ಓಡಲು ಬಿಟ್ಟರೆ ಡಿಕ್ಕಿ ಖಂಡಿತ. ನಲಿಕಲಿ (1–3ನೇ ತರಗತಿ) ಮಕ್ಕಳು ಮರದ ಬದಿಗೆ, 4–5 ಕುಂಟಾಬಿಲ್ಲೆ, ಲಗೋರಿ, 6–7 ಕಬಡ್ಡಿ. ಕಬಡ್ಡಿ ಅಂಕಣಕ್ಕೆ 11 × 8 ಮೀಟರ್ ಸಾಕು. ಖೋಖೋಗೆ 27 × 16 ಬೇಕು, ನಿಮ್ಮಲ್ಲಿ ಹಿಡಿಯಲಿಕ್ಕಿಲ್ಲ. ಆಡಲು ಬಿಟ್ಟರೆ ದೊಡ್ಡ ಹುಡುಗರು ಇಡೀ ಅಂಕಣ ಹಿಡಿದು, ಹುಡುಗಿಯರು ಕಟ್ಟೆ ಮೇಲೆ ಕೂತುಬಿಡುತ್ತಾರೆ. ವಾರದಲ್ಲಿ ಎರಡು ದಿನ ಅಂಕಣ ಹುಡುಗಿಯರದೇ ಎಂದು ಪಟ್ಟಿಯಲ್ಲೇ ಬರೆದುಬಿಡಿ.

ಮಳೆ ಮುಗಿಯುತ್ತಲೇ ನೆಗ್ಗಿನ ಮುಳ್ಳಿನ ಬಳ್ಳಿಯನ್ನು ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕೀಳಿಸಿ. ಮುಳ್ಳುಕಾಯಿ ಉದುರಿದ ಮೇಲೆ ಗುಡಿಸಿ ಪ್ರಯೋಜನವಿಲ್ಲ, ಬರಿಗಾಲ ಮಕ್ಕಳು ಮೈದಾನಕ್ಕೇ ಇಳಿಯುವುದಿಲ್ಲ. ಇನ್ನೊಂದು: ಹೋಂವರ್ಕ್ ಮಾಡದವರನ್ನು ಆಟದ ಹೊತ್ತಿಗೆ ಒಳಗೆ ಕೂರಿಸುವ ಶಿಕ್ಷೆ ಇದ್ದರೆ ನಿಲ್ಲಿಸಿ. ಠರಾವು ಮೊದಲು ಮುರಿಯುವುದು ಅಲ್ಲೇ.

ಎಚ್‌ಎಂ_ರಾಯಚೂರು
ಧನ್ಯವಾದ ಸರ್. ನಮಗಿರುವುದು ಒಂದೇ ನಲ್ಲಿ. ಆಟ ಮುಗಿದ ಮೇಲೆ ನೀರಿಗೆ ನೂಕುನುಗ್ಗಲಾದರೆ?

ಪಿ.ಇ._ಮೇಷ್ಟ್ರು
ಒಬ್ಬರಿಗೆ 15 ಸೆಕೆಂಡ್ ಅಂದರೂ 60 ಮಕ್ಕಳಿಗೆ ಕಾಲು ಗಂಟೆ. ಮುಂದಿನ ಪೀರಿಯಡ್ ಅರ್ಧ ಹೋಯಿತು. ಟ್ಯಾಂಕಿನಿಂದ ಒಂದೂಕಾಲು ಇಂಚಿನ ಪಿವಿಸಿ ಪೈಪ್ ಎಳೆದು, ಗೋಡೆಗೆ ಎರಡಡಿ ಎತ್ತರದಲ್ಲಿ, ಒಂದೂವರೆ ಅಡಿಗೊಂದರಂತೆ ಆರು ನಲ್ಲಿ ಕೂಡಿಸಿ, ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿಯವರೆಗೆ ತರಗತಿವಾರು ಐದು ನಿಮಿಷ ಅಂತರ ಕೊಟ್ಟು ಒಳಗೆ ಕರೆಯಿರಿ, ಚಿಕ್ಕವರು ಮೊದಲು.