ವಾರಾಂತ್ಯದ ಪ್ಲೇಆಫ್: ಒಂದೇ ಸರಣಿಯನ್ನು ಪೂರ್ತಿ ನೋಡುವುದೋ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡುವುದೋ?

ಬಸವನಗುಡಿ ಗಾರ್ಡ್ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಲೀಗ್ ಹಂತ ಮುಗಿದ ಮೇಲೆ, ಏಪ್ರಿಲ್ ಮಧ್ಯಭಾಗದಿಂದ ಜೂನ್‌ವರೆಗೆ ನಡೆಯುವ ಪ್ಲೇಆಫ್ (ಪ್ರಶಸ್ತಿ ಸುತ್ತು) ಪಂದ್ಯಗಳನ್ನು ನಾನು ಬೆಂಗಳೂರಿನಲ್ಲಿ ಕುಳಿತು ನೋಡುತ್ತೇನೆ. ವಾರದ ದಿನಗಳಲ್ಲಿ ಕಚೇರಿಯ ಬಸ್ಸು ಬೇಗ ಬರುವುದರಿಂದ ಬೆಳಗಿನ ಪಂದ್ಯ ನೋಡಲಾಗುವುದಿಲ್ಲ. ಉಳಿಯುವುದು ಶನಿವಾರ, ಭಾನುವಾರ ಮಾತ್ರ. ಮೊದಲ ಸುತ್ತಿನಲ್ಲಿ 16 ತಂಡಗಳಿರುತ್ತವೆ, ಅಂದರೆ ಎಂಟು ಸರಣಿಗಳು. ಮೊದಲ ವಾರಾಂತ್ಯದಲ್ಲೇ ಎಂಟೂ ಸರಣಿಗಳು ಆರಂಭವಾಗಿಬಿಡುತ್ತವೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಶುರುವಾಗುವ ಪಂದ್ಯ ನಮಗೆ ರಾತ್ರಿ 10.30ಕ್ಕೆ ಸಿಗುತ್ತದೆ, ಅಲ್ಲಿನ ರಾತ್ರಿಯ ಪಂದ್ಯ ಭಾನುವಾರ ಬೆಳಿಗ್ಗೆ ಆರರ ಸುಮಾರಿಗೆ ಸಿಗುತ್ತದೆ. ನಡುವಿನವನ್ನು ನೋಡಬೇಕೆಂದರೆ ನಿದ್ದೆಗೆಡಬೇಕು. ಇದರ ಜೊತೆಗೆ, ಭಾನುವಾರ ಬೆಳಿಗ್ಗೆ ಗೆಳೆಯರೊಂದಿಗೆ ಅಂಗಳಕ್ಕಿಳಿದು ಆಡುವ ರೂಢಿಯನ್ನೂ ಬಿಡಲು ನನಗೆ ಮನಸ್ಸಿಲ್ಲ.

ಎಲ್ಲ ಪಂದ್ಯಗಳ ಮುಖ್ಯಾಂಶಗಳನ್ನು ನೋಡಿದರೆ ಯಾವುದೂ ತಪ್ಪುವುದಿಲ್ಲ, ನಿಜ. ಆದರೆ ಹಾಗೆ ನೋಡಿದಾಗ ಗೆಲುವಿನ ಎಸೆತವಷ್ಟೇ ಕಾಣುತ್ತದೆ, ಆ ಎಸೆತಕ್ಕೆ ಜಾಗ ಹೇಗೆ ಸಿಕ್ಕಿತು ಎಂಬುದು ಕಾಣುವುದಿಲ್ಲ. ಬಿಡುವು ಕಡಿಮೆ ಇರುವ ಅಭಿಮಾನಿ ಏನು ಮಾಡುವುದು ಒಳ್ಳೆಯದು? ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಎಡಗೈ ಫಾರ್ವರ್ಡ್ ಅವರ ಉತ್ತರ:

ಒಂದು ಸರಣಿಯನ್ನು ಆರಿಸಿಕೊಂಡು, ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ಅದನ್ನೇ ನೋಡಿ ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಲೀಗ್ ಹಂತದ 82 ಪಂದ್ಯಗಳಲ್ಲಿ ಇಂದು ಒಬ್ಬ ಎದುರಾಳಿ, ನಾಳಿದ್ದು ಇನ್ನೊಬ್ಬ. ಯಾರ ಬಗ್ಗೆಯೂ ಆಳವಾಗಿ ತಯಾರಾಗುವಷ್ಟು ಬಿಡುವು ತಂಡಗಳಿಗೆ ಇರುವುದಿಲ್ಲ. ಪ್ಲೇಆಫ್‌ನಲ್ಲಾದರೋ ಒಂದು ತಂಡ ನಾಲ್ಕು ಪಂದ್ಯ ಗೆಲ್ಲುವವರೆಗೆ ಅದೇ ಎರಡು ತಂಡಗಳು ಮುಖಾಮುಖಿಯಾಗುತ್ತಲೇ ಇರುತ್ತವೆ. ಒಂದು ಪಂದ್ಯದಲ್ಲಿ ಬಯಲಾದ ದೌರ್ಬಲ್ಯವನ್ನು ಎದುರಾಳಿ ಕೋಚ್ ಮುಂದಿನ ಪಂದ್ಯದ ಮೊದಲ ನಿಮಿಷದಿಂದಲೇ ಕೆದಕತೊಡಗುತ್ತಾರೆ.

2016ರ ಫೈನಲ್‌ನ ಏಳನೇ ಪಂದ್ಯವನ್ನೇ ನೋಡಿ. ಲೀಗ್ ಹಂತದಲ್ಲಿ 73 ಪಂದ್ಯ ಗೆದ್ದು ಬಂದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ 1–3ರಿಂದ ಹಿಂದಿದ್ದ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಸರಣಿಯನ್ನು ಸಮ ಮಾಡಿಕೊಂಡಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ನಾಲ್ಕನೇ ಭಾಗದಲ್ಲಿ, ಅಂಕಪಟ್ಟಿ 89–89ರಲ್ಲಿ ನಿಂತುಬಿಟ್ಟಿತು. ಮೂರೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಯಾರಿಗೂ ಒಂದು ಅಂಕವೂ ದಕ್ಕಲಿಲ್ಲ. ವಾರಿಯರ್ಸ್‌ನ ಆಂಡ್ರೆ ಇಗ್ವೊಡಾಲಾ ಲೇಅಪ್‌ಗೆ (ಬುಟ್ಟಿಯ ಹತ್ತಿರದ ಎಸೆತಕ್ಕೆ) ಹಾರಿದಾಗ ಕ್ಯಾವಲಿಯರ್ಸ್‌ನ ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿಬಂದು ತಡೆದದ್ದು, 53 ಸೆಕೆಂಡುಗಳು ಉಳಿದಿದ್ದಾಗ ಅದೇ ತಂಡದ ಕೈರಿ ಅರ್ವಿಂಗ್ ಮೂರು ಅಂಕಗಳ ಎಸೆತ ಹಾಕಿದ್ದು ಎಲ್ಲ ವಿಡಿಯೋ ತುಣುಕುಗಳಲ್ಲೂ ಇವೆ. ಆದರೆ ಆ ಎಸೆತಕ್ಕೆ ಮುಂಚಿನ ಕೆಲವು ಸೆಕೆಂಡುಗಳನ್ನು ಗಮನಿಸಿ. ಅರ್ವಿಂಗ್ ಎದುರು ರಕ್ಷಣೆಗೆ ನಿಂತಿದ್ದವರು ವಾರಿಯರ್ಸ್‌ನ ಕ್ಲೇ ಥಾಂಪ್ಸನ್. ವಾರಿಯರ್ಸ್‌ನ ಸ್ಟೀಫನ್ ಕರಿ ಯಾರೆದುರು ರಕ್ಷಣೆಗಿದ್ದರೋ ಆ ಜೆ.ಆರ್. ಸ್ಮಿತ್ ಬಂದು ಸ್ಕ್ರೀನ್ ಹಾಕುತ್ತಾರೆ (ರಕ್ಷಕನ ದಾರಿಗೆ ಅಡ್ಡ ನಿಲ್ಲುತ್ತಾರೆ), ವಾರಿಯರ್ಸ್ ರಕ್ಷಣೆ ಸ್ವಿಚ್ ಮಾಡುತ್ತದೆ (ಇಬ್ಬರು ರಕ್ಷಕರು ತಮ್ಮ ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ), ಅರ್ವಿಂಗ್ ಎದುರಿಗೆ ಈಗ ಕರಿ ನಿಂತಿರುತ್ತಾರೆ. ಕರಿ ಅವರನ್ನು ಹೀಗೆ ಎಳೆದು ತಂದು ರಕ್ಷಣೆಗೆ ನಿಲ್ಲಿಸುವ ತಂತ್ರವನ್ನು ಕ್ಯಾವಲಿಯರ್ಸ್ ಆ ಸರಣಿಯುದ್ದಕ್ಕೂ ಪ್ರಯೋಗಿಸುತ್ತ ಬಂದಿತ್ತು. ಹಿಂದಿನ ಪಂದ್ಯಗಳನ್ನು ನೋಡಿದ್ದವರಿಗೆ, ಸ್ಮಿತ್ ಸ್ಕ್ರೀನ್ ಹಾಕಲು ಹೆಜ್ಜೆ ಎತ್ತಿದಾಗಲೇ ಎದೆ ಡವಗುಟ್ಟಲು ಆರಂಭವಾಗಿರುತ್ತದೆ. ಆ ಸುಖ ತುಣುಕು ನೋಡಿದವರಿಗೆ ಸಿಗುವುದಿಲ್ಲ. ಮರುಕ್ಷಣವೇ ಕರಿ ಎದುರು ಕ್ಯಾವಲಿಯರ್ಸ್‌ನ ಕೆವಿನ್ ಲವ್ ಎಂಬ ದೊಡ್ಡಾಳು ಒಂಟಿಯಾಗಿ ಸಿಕ್ಕಿಕೊಂಡು, ಎಡಕ್ಕೂ ಬಲಕ್ಕೂ ಸರಿಯುತ್ತ ಅವರನ್ನು ಬಿಡದೆ ಹಿಡಿದು ನಿಲ್ಲಿಸಿದ್ದು ಅಷ್ಟೇ ದೊಡ್ಡ ಕೆಲಸ. ಕ್ಯಾವಲಿಯರ್ಸ್ 93–89ರಿಂದ ಗೆದ್ದಿತು.

ಯಾವ ಸರಣಿ ಎಂದು ತೋಚದಿದ್ದರೆ, ನಾಲ್ಕು ಮತ್ತು ಐದನೇ ಶ್ರೇಯಾಂಕದ ತಂಡಗಳದ್ದನ್ನು ಆರಿಸಿಕೊಳ್ಳಿ. ಸಮಬಲದವರು ಸೇರಿರುವುದರಿಂದ ಅದು ಬೇಗ ಮುಗಿಯುವ ಸಂಭವ ಕಡಿಮೆ.

ಇಂಡಿಯಾನಾ ನಿವಾಸಿಯ ಉತ್ತರ:

ಮೇಲಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಒಂದು ಸರಣಿಗೆ ಕಟ್ಟುಬಿದ್ದು ಉಳಿದವುಗಳತ್ತ ಕಣ್ಣೆತ್ತಿಯೂ ನೋಡದಿದ್ದರೆ ನಷ್ಟವೂ ಇದೆ. 2025ರಲ್ಲಿ ನಮ್ಮ ಇಂಡಿಯಾನಾ ಪೇಸರ್ಸ್ ಫೈನಲ್‌ವರೆಗೆ ಹೋಗುತ್ತದೆಂದು ಏಪ್ರಿಲ್‌ನಲ್ಲಿ ಹೆಚ್ಚಿನವರು ಎಣಿಸಿರಲಿಲ್ಲ. ಪ್ಲೇಆಫ್‌ನಲ್ಲಿ ಕೋಚ್‌ಗಳು ಸಾಮಾನ್ಯವಾಗಿ ಏಳೆಂಟು ಆಟಗಾರರನ್ನೇ ನೆಚ್ಚಿಕೊಳ್ಳುತ್ತಾರೆ. ಪೇಸರ್ಸ್ ಕೋಚ್ ರಿಕ್ ಕಾರ್ಲೈಲ್ ಮಾತ್ರ ಹತ್ತು ಮಂದಿಯನ್ನು ಆಡಿಸುತ್ತ, ಎದುರಾಳಿ ದಣಿಯುವವರೆಗೆ ಓಟದ ವೇಗವನ್ನು ಇಳಿಸಲೇ ಇಲ್ಲ.

ವಾರಾಂತ್ಯದ ವಿಷಯ ಬಂದದ್ದರಿಂದ ಹೇಳುತ್ತಿದ್ದೇನೆ: ಆ ವರ್ಷದ ಮೇ 25ರ ಭಾನುವಾರ ಹಗಲಿನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಇಂಡಿ 500 ಕಾರ್ ಓಟ, ರಾತ್ರಿ ಅದೇ ಊರಿನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಪೂರ್ವ ವಿಭಾಗದ ಫೈನಲ್‌ನ ಮೂರನೇ ಪಂದ್ಯ. ಪೇಸರ್ಸ್ 20 ಅಂಕಗಳ ಮುನ್ನಡೆಯನ್ನು ಕಳೆದುಕೊಂಡು 100–106ರಿಂದ ಸೋತಿತು. ನಿಕ್ಸ್‌ನ ಕಾರ್ಲ್-ಆಂಟನಿ ಟೌನ್ಸ್ ಕೊನೆಯ ಕ್ವಾರ್ಟರ್ ಒಂದರಲ್ಲೇ 20 ಅಂಕ ಗಳಿಸಿದರು. ಆದರೂ ಅಂಥ ಭಾನುವಾರವನ್ನು ಈ ಊರು ಸುಲಭವಾಗಿ ಮರೆಯಲಾರದು. ಮುಂದೆ ಫೈನಲ್‌ನ ಮೊದಲ ಪಂದ್ಯದಲ್ಲಿ ನಮ್ಮ ಟೈರೀಸ್ ಹ್ಯಾಲಿಬರ್ಟನ್ 0.3 ಸೆಕೆಂಡ್ ಉಳಿದಿದ್ದಾಗ ಹಾಕಿದ ಎಸೆತದಿಂದ ಪೇಸರ್ಸ್ 111–110ರಿಂದ ಗೆದ್ದಿತು. ಇಡೀ ಪಂದ್ಯದಲ್ಲಿ ಅದು ಮುನ್ನಡೆಯಲ್ಲಿದ್ದದ್ದು ಆ 0.3 ಸೆಕೆಂಡ್ ಮಾತ್ರ. ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ ಹ್ಯಾಲಿಬರ್ಟನ್ ಅವರ ಕಾಲಿನ ಅಕಿಲಿಸ್ ಸ್ನಾಯುರಜ್ಜು ಹರಿದದ್ದನ್ನೂ, ಒಕ್ಲಹೋಮ ಸಿಟಿ ಥಂಡರ್ 103–91ರಿಂದ ಪ್ರಶಸ್ತಿ ಗೆದ್ದದ್ದನ್ನೂ ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲ ವಾರಾಂತ್ಯದಲ್ಲಿ ಎಲ್ಲ ಸರಣಿಗಳ ಮುಖ್ಯಾಂಶಗಳನ್ನೂ ನೋಡಿ, ಎರಡನೆಯ ವಾರಾಂತ್ಯದ ಹೊತ್ತಿಗೆ ಒಂದನ್ನು ಆರಿಸಿಕೊಳ್ಳಿ.

ಸಿಮೆಂಟ್ ಅಂಗಳದ ಆಟಗಾರ್ತಿಯ ಉತ್ತರ:

ಆಡುವುದನ್ನು ದಯವಿಟ್ಟು ಬಿಡಬೇಡಿ ಸರ್. ನಾವು ಕೆಲವರು ಹೆಂಗಸರು ಭಾನುವಾರ ಬೆಳಿಗ್ಗೆ ಆರೂವರೆಗೇ ಆಡಲು ಇಳಿಯುತ್ತೇವೆ. ಬಿಸಿಲೇರಿದ ಮೇಲೆ ಸಿಮೆಂಟ್ ನೆಲ ಕಾದು ನಿಲ್ಲಲಾಗುವುದಿಲ್ಲ, ಮೇ ತಿಂಗಳಲ್ಲಿ ಸಂಜೆಯನ್ನು ಮಳೆ ನುಂಗುತ್ತದೆ. ನಾವು ಆಡುವ ಹೊತ್ತಿನ ಪಂದ್ಯವನ್ನು ನಾನು ಮನೆಗೆ ಬಂದು, ತಿಂಡಿ ಮುಗಿಸಿ, ಮರುಪ್ರಸಾರದಲ್ಲಿ ಪೂರ್ತಿಯಾಗಿ ನೋಡುತ್ತೇನೆ. ಎನ್‌ಬಿಎ ಲೀಗ್ ಪಾಸ್‌ನಲ್ಲಿ (ಪಂದ್ಯಗಳನ್ನು ಅಂತರ್ಜಾಲದಲ್ಲಿ ತೋರಿಸುವ ಲೀಗ್‌ನ ಸೇವೆ) ಅಂಕಗಳನ್ನು ಮರೆಮಾಡುವ ಆಯ್ಕೆ ಇದೆ. ಅದನ್ನು ಮೊದಲೇ ಒತ್ತಿಟ್ಟುಕೊಂಡು, ಗೆಳೆಯರ ವಾಟ್ಸಾಪ್ ಗುಂಪನ್ನು ಮಧ್ಯಾಹ್ನದವರೆಗೆ ತೆರೆಯದಿದ್ದರೆ ನೇರಪ್ರಸಾರದಷ್ಟೇ ಕುತೂಹಲ ಉಳಿಯುತ್ತದೆ. ಆಡಿ ಬಂದ ಮೈಯಲ್ಲಿ ನೋಡಿದಾಗ ಸ್ಕ್ರೀನ್ ಹಾಕುವವರ ಭುಜಕ್ಕೆ ಬೀಳುವ ಪೆಟ್ಟು, ಸ್ವಿಚ್ ಆಗುವಾಗ ಕೂಗಿ ಹೇಳಬೇಕಾದ ಮಾತು, ಇವೆಲ್ಲ ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ.

ಬಸವನಗುಡಿ ಗಾರ್ಡ್:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಲ್ಕು–ಐದನೇ ಶ್ರೇಯಾಂಕದ ಸರಣಿಯೊಂದನ್ನು ಹಿಡಿದು, ಶನಿವಾರ ರಾತ್ರಿಯ ಪಂದ್ಯವನ್ನು ನೇರಪ್ರಸಾರದಲ್ಲೂ ಭಾನುವಾರದ್ದನ್ನು ಆಡಿ ಬಂದ ಮೇಲೂ ನೋಡುತ್ತೇನೆ. ಫೈನಲ್‌ನ ಭಾನುವಾರದ ಪಂದ್ಯಗಳು ನಮಗೆ ಸೋಮವಾರ ಬೆಳಿಗ್ಗೆ 5.30ಕ್ಕೆ ಬರುತ್ತವಲ್ಲ, ಅವಕ್ಕೆ ನೀವು ಏನು ಮಾಡುತ್ತೀರಿ?

ಸಿಮೆಂಟ್ ಅಂಗಳದ ಆಟಗಾರ್ತಿ:

ಅರ್ಧ ದಿನ ರಜೆ ಹಾಕುತ್ತೇನೆ. ಏಳನೇ ಪಂದ್ಯವಾದರೆ ಪೂರ್ತಿ ದಿನ.