ಅಕ್ಕಾ, ಅಳಿಯನ ಗಿಟಾರ್ ಕ್ಲಾಸ್ ಬಿಡಿಸಬೇಡ

ಹಲೋ, ಹಲೋ... ಕೇಳಿಸುತ್ತಿದೆಯಾ? ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಇಲ್ಲಿ ಬೆಳಗಾವಿಯ ಟಿಳಕವಾಡಿ ಎರಡನೇ ರೈಲ್ವೆ ಗೇಟ್ ಬಿದ್ದಿದೆ, ಗಾಡಿ ಆಫ್ ಮಾಡಿ ನಿಂತಿದ್ದೇನೆ. ನಡುವೆ ಹಾರ್ನ್ ಕೇಳಿಸಿದರೆ ಸಹಿಸಿಕೊಳ್ಳಿ.

ಅಕ್ಕಾ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದು ಈಗ ನೋಡಿದೆ. ಮೂರು ವಾರ ಆಯಿತು, ಗಿಟಾರ್ ಮಾಸ್ತರು ನಿನ್ನ ಮಗನಿಗೆ ಬರೀ ಸ್ಕೇಲ್, ಅಂದರೆ ಸ್ವರ ಏರಿಸಿ ಇಳಿಸುವುದನ್ನೇ, ಬಾರಿಸಲು ಹಚ್ಚಿದ್ದಾರೆ, ಒಂದು ಹಾಡೂ ಇಲ್ಲ, ಪಕ್ಕದ ಮನೆ ಹುಡುಗ ಯೂಟ್ಯೂಬ್ ನೋಡಿ ಆಗಲೇ ಮೂರು ಹಾಡು ಕಲಿತ, ಕ್ಲಾಸ್ ಬದಲಿಸಲಾ ಅಂತ ಕೇಳಿದ್ದೀಯ. ಬದಲಿಸಬೇಡ. ಆ ಪಕ್ಕದ ಮನೆ ಹುಡುಗ ಇದ್ದಾನಲ್ಲ, ಇಪ್ಪತ್ತು ವರ್ಷದ ಹಿಂದೆ ಅವನು ನಾನೇ ಆಗಿದ್ದೆ.

ನನಗೆ ಬರುತ್ತಿದ್ದದ್ದು ನಾಲ್ಕು ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು. ಸಿ, ಜಿ, ಎ ಮೈನರ್, ಎಫ್. ಅದರಲ್ಲಿ ಎಫ್ ಅರ್ಧಂಬರ್ಧ. ಆದರೂ ಕಾಲೇಜಿನಲ್ಲಿ ಭಾರಿ ಹೆಸರು! ಒಂದು ಶ್ರಾವಣದಲ್ಲಿ ನಮ್ಮ ಓಣಿ ಗುಡಿಯ ಭಜನೆಗೆ ಗಿಟಾರ್ ಹಿಡಿದು ಹೋದೆ. ಒಂದು ವಾರ ಮನೆಯಲ್ಲಿ ತಯಾರಿ ಆಗಿತ್ತು, ಎಲ್ಲಾ ಸಿ ಇಂದ, ಅಂದರೆ ಹಾರ್ಮೋನಿಯಂ ಪೆಟ್ಟಿಯಲ್ಲಿ ಬಿಳಿ ಒಂದು, ಮೊದಲನೇ ಬಿಳಿ ಕೀ. ಅಲ್ಲಿ ಹಾಡುವವರು ಕೂತು, ಗಂಟಲು ಸರಿಮಾಡಿಕೊಂಡು, "ಕರಿ ಎರಡು ಕೊಡ್ರಿ" ಅಂದರು. ಅಂದರೆ ಎರಡನೇ ಕರಿ ಕೀಯನ್ನು ಸಾ ಮಾಡಿಕೊಳ್ಳಿ ಅಂತ. ಪೆಟ್ಟಿ ಅಜ್ಜ ಬೆರಳು ಸರಿಸಿ ಶುರು ಮಾಡಿಯೇ ಬಿಟ್ಟರು. ನನ್ನ ಕೈ ಅಲ್ಲೇ ನಿಂತಿತು. ಬೆರಳು ಎಲ್ಲಿಡಬೇಕು ಅಂತ ಗೊತ್ತಿತ್ತು, ಬೆರಳ ಕೆಳಗೆ ಯಾವ ಸ್ವರ ಇದೆ ಅಂತ ಗೊತ್ತಿರಲಿಲ್ಲ. ಒಂದು ತಾಸು ಸುಮ್ನೆ ತಾಳ ಹಾಕುತ್ತಾ ಕೂತೆ. ಪ್ರಸಾದಕ್ಕೆ ಮಾತ್ರ ಎಲ್ಲರಿಗಿಂತ ಮೊದಲು ಎದ್ದೆ.

ಮುಗಿದ ಮೇಲೆ ಅಜ್ಜ ಕರೆದು, "ತಮ್ಮಾ, ಇದರೊಳಗೆ ಸಾ ಎಲ್ಲಿದೆ ತೋರಿಸು" ಅಂದರು. ತೋರಿಸಲಿಕ್ಕೆ ಆಗಲಿಲ್ಲ ನೋಡು. ಆಗ ಅವರು ಹೇಳಿಕೊಟ್ಟಿದ್ದನ್ನು ಈಗ ಅಳಿಯನಿಗೆ ಹೇಳುತ್ತೇನೆ. ಫೋನ್ ಅವನ ಕೈಗೆ ಕೊಡು.

ಅಳಿಯಾ, ಗಿಟಾರ್ ತೊಗೋ. ಕೆಳಗಿನ ಸಣ್ಣ ತಂತಿ ಒಂದನೆಯದು, ಅಲ್ಲಿಂದ ಮೇಲಕ್ಕೆ ಎಣಿಸಿ ನಾಲ್ಕನೇ ತಂತಿ ಹಿಡಿ. ಏನೂ ಒತ್ತದೆ ಮೀಟು, ಅದು ಸಾ. ಎರಡನೇ ಫ್ರೆಟ್, ಅಂದರೆ ಗಿಟಾರ್ ಕುತ್ತಿಗೆಯ ಪಟ್ಟಿಗಳ ನಡುವಿನ ಎರಡನೇ ಮನೆ, ರೇ, ನಾಲ್ಕು ಗ, ಐದು ಮ, ಏಳು ಪ, ಒಂಬತ್ತು ಧ, ಹನ್ನೊಂದು ನಿ, ಹನ್ನೆರಡು ಮೇಲಿನ ಸಾ. ಎಲ್ಲ ಕಡೆ ಎರಡೆರಡು ಮನೆ ದಾಟುತ್ತೀಯ, ಗ ಇಂದ ಮ ಮತ್ತು ನಿ ಇಂದ ಸಾ ಮಾತ್ರ ಒಂದೇ ಮನೆ. ಇದೇ ಮೇಜರ್ ಸ್ಕೇಲ್. ಪೆಟ್ಟಿಯವರಿಗೆ ಬಿಲಾವಲ್ ಥಾಟ್, ಕರ್ನಾಟಕ ಸಂಗೀತದವರಿಗೆ ಶಂಕರಾಭರಣ.

ಈಗ ಅದನ್ನೇ ಒಂದು ಮನೆ ಮುಂದಕ್ಕೆ ಸರಿಸು. ಒಂದನೇ ಫ್ರೆಟ್ ಸಾ, ಮೂರು ರೇ, ಐದು ಗ, ಆರು ಮ... ಅಷ್ಟೇ ಕಣೋ, ಕರಿ ಎರಡು ಬಂತು! ನಾನು ಒಂದು ತಾಸು ತಾಳ ಹಾಕಿದ್ದು ಹೀಗೆ ಮನೆ ಸರಿಯಲಿಕ್ಕೆ ಬರದೆ.

ಕೇಪೋ, ಅಂದರೆ ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿದರೆ ಆಯಿತಲ್ಲ ಅಂತ ನಮ್ಮ ಹುಬ್ಬಳ್ಳಿ ಮಾಮಾ ಈಗಲೇ ಟೈಪ್ ಮಾಡುತ್ತಿರುತ್ತಾರೆ. ಹೌದು ಮಾಮಾ, ಮೂರನೇ ಫ್ರೆಟ್ಟಿಗೆ ಕೇಪೋ ಹಾಕಿ ಸಿ ಆಕಾರ ಹಿಡಿದರೆ ಕರಿ ಎರಡೇ ಬರುತ್ತದೆ. ಆದರೆ ಮೂರನೆಯದಕ್ಕೇ ಯಾಕೆ ಹಾಕಬೇಕು ಅಂತ ಎಣಿಸಲಿಕ್ಕೂ ಸ್ವರದ ಲೆಕ್ಕವೇ ಬೇಕಲ್ವಾ?

ಇನ್ನೊಂದು, ಇದು ನನಗೆ ತಿಳಿದಾಗ ರಾತ್ರಿ ನಿದ್ದೆ ಬರಲಿಲ್ಲ. ಕಾರ್ಡ್ ಅನ್ನುವುದು ಬೇರೆ ವಸ್ತುವೇ ಅಲ್ಲ. ಸಾ ಹಿಡಿ, ರೇ ಬಿಡು, ಗ ಹಿಡಿ, ಮ ಬಿಡು, ಪ ಹಿಡಿ. ಸಾ ಗ ಪ. ಸಿ ಯನ್ನು ಸಾ ಅಂದುಕೊಂಡರೆ ಇದೇ ಸಿ ಕಾರ್ಡ್. ಅಳಿಯಾ, ನೀನು ಸಿ ಹಿಡಿದಾಗ ಐದನೇ ತಂತಿಯಿಂದ ಕೆಳಕ್ಕೆ ಒಂದೊಂದೇ ತಂತಿ ಮೀಟಿ ನೋಡು. ಸಾ, ಗ, ಪ, ಸಾ, ಗ. ಬೇರೆ ಏನೂ ಇಲ್ಲ. ಹಾಗೇ ಮ ಧ ಸಾ ಅಂದರೆ ಎಫ್, ಪ ನಿ ರೇ ಅಂದರೆ ಜಿ, ಧ ಸಾ ಗ ಅಂದರೆ ಎ ಮೈನರ್. ಪಕ್ಕದ ಮನೆ ಹುಡುಗ ನಾಲ್ಕು ಕಾರ್ಡಿನ ಚಿತ್ರ ಬಾಯಿಪಾಠ ಮಾಡಿದ್ದಾನೆ. ನಿನಗೆ ಆ ನಾಲ್ಕೂ ಒಂದೇ ಏಳು ಸ್ವರದಲ್ಲಿ ಸಿಗುತ್ತವೆ. ಹಾಡಿನ ನಡುವೆ ಸಣ್ಣ ಸಣ್ಣ ತುಣುಕು ಬಾರಿಸುತ್ತಾರಲ್ಲ, ಅದೂ ಇದರಿಂದಲೇ.

ಅಕ್ಕಾ, ಕೇಳಿಯೇ ಕಲಿಯಬಹುದಲ್ಲ ಅಂತ ನಿನ್ನ ಅತ್ತೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಮಾತು ತೆಗೆಯುತ್ತಾರೆ ಅಂತ ಗೊತ್ತು. ಇಲ್ಲೇ ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು, ಚಿಕ್ಕ ವಯಸ್ಸಿನಲ್ಲೇ ದೊಡ್ಡವರ ರೆಕಾರ್ಡ್ ಕೇಳಿ ಹಾಗೇ ಹಾಡುತ್ತಿದ್ದರು. ನಿಜ. ಆದರೆ ಆಮೇಲೆ ಅವರೂ ಮುಂಬೈಗೆ ಹೋಗಿ ದೇವಧರ್ ಮಾಸ್ತರರ ಹತ್ತಿರ ಕೂತು ಕಲಿತರು. ನಮ್ಮ ಅಳಿಯ ಜಾಣ, ಇಲ್ಲ ಅನ್ನುವುದಿಲ್ಲ, ಆದರೆ ಇನ್ನೂ ಗಿಟಾರ್ ಟ್ಯೂನ್ ಮಾಡಲಿಕ್ಕೆ ಫೋನ್ ಬೇಕು.

ಮಾಸ್ತರರದ್ದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಹುಡುಗನಿಗೆ ಬಾಯಿ ಸಿಹಿ ಆಗುವಂಥದ್ದು ಏನಾದರೂ ಕೊಡಬೇಕು. ಬರೀ ಏರಿಸು ಇಳಿಸು ಅಂದರೆ ಯಾರಿಗಾದರೂ ಬೇಜಾರು. ಮ, ನಿ ಎರಡನ್ನೂ ಬಿಟ್ಟುಬಿಡು ಅಳಿಯಾ. ಸಾ ರೇ ಗ ಪ ಧ. ಅಜ್ಜಿ ಕೇಳಿದರೆ ಭೂಪ್ ರಾಗ ಅನ್ನುತ್ತಾರೆ, ನಿಮ್ಮ ಯೂಟ್ಯೂಬಿನವರು ಮೇಜರ್ ಪೆಂಟಾಟೋನಿಕ್ ಅನ್ನುತ್ತಾರೆ. ಈ ಐದರಲ್ಲಿ ಹಿಂದೆ ಮುಂದೆ ಆಡು, ಅಪಸ್ವರ ಅನ್ನಿಸುವುದೇ ಕಡಿಮೆ. ಗೊತ್ತಿರುವ ಧಾಟಿ ಯಾವುದಾದರೂ ಬೆರಳಿಗೆ ಸಿಕ್ಕಿಬಿಡಬಹುದು.

ದಿನಕ್ಕೆ ಹದಿನೈದು ನಿಮಿಷ ಸಾಕು. ಫೋನಿನಲ್ಲಿ ಲಯಕ್ಕೆ ಟಕ್ ಟಕ್ ಅನ್ನುವ ಮೆಟ್ರೋನೋಮ್ ನಿಮಿಷಕ್ಕೆ 60 ಬಡಿತಕ್ಕೆ ಇಡು, ಒಂದು ಬಡಿತಕ್ಕೆ ಒಂದೇ ಸ್ವರ. ತಂತಿ ಮೀಟುವ ಪಿಕ್ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಬೆರಳನ್ನು ಫ್ರೆಟ್ ಪಟ್ಟಿಯ ಹತ್ತಿರ ಇಡು, ನಡುವೆ ಒತ್ತಿದರೆ ಬರ್ ಅನ್ನುತ್ತದೆ. ಮುಖ್ಯ, ಬಾರಿಸುವಾಗ ಬಾಯಲ್ಲಿ ಸ್ವರ ಹಾಡು. ನಾಚಿಕೆ ಆದರೆ ಬಾಗಿಲು ಹಾಕಿಕೋ. ಕಿರುಬೆರಳು ಮಹಾ ಸೋಮಾರಿ, ಅದಕ್ಕೂ ಕೆಲಸ ಕೊಡು. ತುದಿ ಉರಿಯುತ್ತದೆ, ದಿನ ಕಳೆದಂತೆ ಗಟ್ಟಿ ಆಗುತ್ತದೆ.

ಹಾಂ, ಗೇಟ್ ತೆಗೆದರು, ಹಿಂದಿನವರು ಬೈಯುತ್ತಿದ್ದಾರೆ. ಅಕ್ಕಾ, ಈ ತಿಂಗಳ ಫೀ ಕಟ್ಟಿಬಿಡು. ಭಾನುವಾರ ಬರುವಾಗ ಅಳಿಯ ಗಿಟಾರ್ ತರಲಿ, ಪೆಟ್ಟಿ ನಮ್ಮ ಮನೆಯಲ್ಲೇ ಇದೆ. ಕೇಪೋ ಇದ್ದರೆ ಅಲ್ಲೇ ಬಿಟ್ಟು ಬರಲಿ.