ತಮ್ಮನಿಗೆ ಎಸ್ಟೋನಿಯಾದ ತಾರ್ತುವಿನಲ್ಲಿ ಸೀಟು ಸಿಕ್ಕಿದೆ, ಕಳಿಸಬಹುದಾ?

ದಾವಣಗೆರೆ ಅಕ್ಕ:
ತಮ್ಮ ಬಿಇ ಮುಗಿಸಿದ್ದಾನೆ. ತಾರ್ತು ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಪಾರ್ಟ್ ಟೈಮ್ ಕೆಲಸದಲ್ಲೇ ಖರ್ಚೆಲ್ಲ ಕಳೆಯುತ್ತದೆ ಅಂತ ಏಜೆಂಟ್ ಹೇಳುತ್ತಾರೆ. ಅಮ್ಮನಿಗೆ ಚಳಿಯದ್ದೇ ಭಯ. ಅಲ್ಲಿರುವವರು ದಯವಿಟ್ಟು ತಿಳಿಸಿ.

ತಾರ್ತುವಿನ ಕನ್ನಡಿಗ:
ಅಕ್ಕ, ನಾನು ಇಲ್ಲೇ ಓದುತ್ತಿದ್ದೇನೆ. ಓದಿನ ಬಗ್ಗೆ ಚಿಂತೆ ಬೇಡ. 1632ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದು, ಪಾಠ ಗಟ್ಟಿಯಾಗಿದೆ. ಆದರೆ ಏಜೆಂಟ್ ಮಾತು ನಂಬಿ ಕಳಿಸಬೇಡಿ. ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್. ಇಲ್ಲಿ ಒಂದು ಕ್ರೆಡಿಟ್ ಅಂದರೆ 26 ಗಂಟೆ ಓದು. ಲೆಕ್ಕ ಹಾಕಿದರೆ ವಾರಕ್ಕೆ ಸುಮಾರು 40 ಗಂಟೆ ಓದಿಗೇ ಹೋಗುತ್ತದೆ. ಉಳಿದ ಹೊತ್ತಲ್ಲಿ ದುಡಿದು ಫೀಸು, ಬಾಡಿಗೆ ಎರಡೂ ಕಟ್ಟುವುದು ಹೇಗೆ ಹೇಳಿ? ಊರೇ ಚಿಕ್ಕದು, ಒಂದು ಲಕ್ಷದಷ್ಟು ಜನ. ಅಂಗಡಿ, ಕೆಫೆಗಳ ಕೌಂಟರ್‌ನಲ್ಲಿ ನಿಲ್ಲಬೇಕಾದರೆ ಎಸ್ಟೋನಿಯನ್ ಭಾಷೆ ಬರಬೇಕು. ಫೀಸಿನ ಜೊತೆ ಮೊದಲ ವರ್ಷದ ಖರ್ಚೂ ಕೈಯಲ್ಲಿದ್ದರೆ ಮಾತ್ರ ಕಳಿಸಿ. ಸಾಲ ಮಾಡಿ ಬಂದು, ರಾತ್ರಿ ಕೆಲಸಕ್ಕೆ ಹೋಗಿ, ಪರೀಕ್ಷೆಯಲ್ಲಿ ಒದ್ದಾಡುವ ಹುಡುಗರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಳಿಗೆ ಅಮ್ಮ ಹೆದರಬೇಕಿಲ್ಲ. ಕೆಲವು ದಿನ ಮೈನಸ್ 20ಕ್ಕೆ ಇಳಿದರೂ ಕೋಣೆಯೊಳಗೆ ಬೆಚ್ಚಗಿರುತ್ತದೆ. ಕಷ್ಟ ಆಗುವುದು ಕತ್ತಲೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಬೆಳಗ್ಗೆ 9ರ ಹೊತ್ತಿಗೆ ಬಂದು ಮಧ್ಯಾಹ್ನ 3.30ರೊಳಗೆ ಹೋಗಿಬಿಡುತ್ತಾನೆ. ಆಗ ರೂಮಲ್ಲೇ ಕೂರಬಾರದು, ಜನರ ಜೊತೆ ಸೇರಬೇಕು. ಕತ್ತಲಲ್ಲಿ ನಡೆಯುವವರು ಬಟ್ಟೆಗೆ ರಿಫ್ಲೆಕ್ಟರ್ ಹಾಕಿಕೊಳ್ಳಬೇಕು, ಅದು ಇಲ್ಲಿನ ಕಾನೂನು. ದಪ್ಪ ಜಾಕೆಟ್ ಬೆಂಗಳೂರಲ್ಲಿ ಕೊಳ್ಳಬೇಡಿ, ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯದೇ ಸಿಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇಲ್ಲಿನ ಸರ್ಕಾರ ಕೊಡುವ ಐಡಿ ಕಾರ್ಡ್. ಕಂಪ್ಯೂಟರಿಗೆ ಹಾಕಿ 4 ಅಂಕಿಯ ಪಿನ್ ಒತ್ತಿದರೆ ಲಾಗಿನ್, 5 ಅಂಕಿಯದು ಒತ್ತಿದರೆ ಸಹಿ. ಬಾಡಿಗೆ ಕರಾರಿಗೂ ಕೂತಲ್ಲೇ ಸಹಿ ಹಾಕಬಹುದು. ಕಚೇರಿ ಸುತ್ತುವ ಕೆಲಸವೇ ಕಮ್ಮಿ.

ತಾಲಿನ್ ವಾಸಿ:
ಮೇಲಿನವರು ಸರಿಯಾಗಿ ಹೇಳಿದ್ದಾರೆ. ಓದು ಮುಗಿದ ಮೇಲೆ ಐಟಿ ಕೆಲಸ ಜಾಸ್ತಿ ಇರುವುದು ರಾಜಧಾನಿ ತಾಲಿನ್‌ನಲ್ಲಿ. ಟ್ಯಾಕ್ಸಿ ಆ್ಯಪ್ ಕಂಪನಿ ಬೋಲ್ಟ್ ಹುಟ್ಟಿದ್ದು ಇಲ್ಲೇ, ಸ್ಕೈಪ್ ಕಟ್ಟಿದ ಎಂಜಿನಿಯರ್‌ಗಳೂ ಇಲ್ಲಿಯವರೇ. ತಾರ್ತುವಿನಿಂದ ರೈಲಲ್ಲಿ ಸುಮಾರು ಎರಡು ಗಂಟೆ. ಭಾಷೆ ಕಲಿಯಲು ಕೇಲೆಕ್ಲಿಕ್ ಅಂತ ಉಚಿತ ವೆಬ್‌ಸೈಟ್ ಇದೆ, ಊರಲ್ಲಿರುವಾಗಲೇ ಶುರು ಮಾಡಲಿ.

ದಾವಣಗೆರೆ ಅಕ್ಕ:
ಇಬ್ಬರಿಗೂ ಥ್ಯಾಂಕ್ಸ್. ಅಪ್ಪನ ಜೊತೆ ಕೂತು ಮೊದಲು ದುಡ್ಡಿನ ಲೆಕ್ಕ ಹಾಕುತ್ತೇವೆ. ಊಟದ ಕಥೆ ಏನು?

ತಾರ್ತುವಿನ ಕನ್ನಡಿಗ:
ಅಕ್ಕಿ, ಬೇಳೆ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತವೆ, ಮೊಸರೂ ಚೆನ್ನಾಗಿರುತ್ತದೆ. ಸಾರಿನ ಪುಡಿ, ಚಿಕ್ಕ ಕುಕ್ಕರ್ ಕಳಿಸಿ. ಅನ್ನ, ಸಾರು ಮಾಡುವುದನ್ನು ಈಗಲೇ ಕಲಿಸಿಬಿಡಿ.